ಕಾಂಗೋ ನದಿ: ದಿನಕ್ಕೆ 125 ಟಿಎಂಸಿ ನೀರು, ದಡದಲ್ಲಿ ಮಾತ್ರ ಕತ್ತಲೆ

ಹೊಳೆಸಾಲು:
ಮೂರು ವರ್ಷ ಆಫ್ರಿಕಾದ ಡಿ.ಆರ್. ಕಾಂಗೋ ದೇಶದ ರಾಜಧಾನಿ ಕಿನ್ಶಾಸಾದಲ್ಲಿ ಒಂದು ಔಷಧಿ ಗೋದಾಮಿನ ಲೆಕ್ಕ ನೋಡಿಕೊಂಡಿದ್ದೆ. ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ. ಅಲ್ಲಿ ಸೇಫಾ? ಸಂಬಳ ಎಷ್ಟು? ನದಿ ಬಗ್ಗೆ ಒಬ್ಬರೂ ಕೇಳಲಿಲ್ಲ. ಅದಕ್ಕೇ ನಾನೇ ಶುರು ಮಾಡುತ್ತಿದ್ದೇನೆ.

ನಮಗೆ ನದಿ ಅಂದರೆ ಟಿಎಂಸಿ ಲೆಕ್ಕ, ಅಲ್ವಾ. ಅದರಲ್ಲೇ ಹೇಳುತ್ತೇನೆ. ಕಾಂಗೋ ಸಮುದ್ರಕ್ಕೆ ಸುರಿಯುವುದು ಸರಾಸರಿ ಸೆಕೆಂಡಿಗೆ 41,000 ಘನ ಮೀಟರ್. ಅಂದರೆ ಸುಮಾರು ಹದಿನಾಲ್ಕೂವರೆ ಲಕ್ಷ ಕ್ಯೂಸೆಕ್. ದಿನಕ್ಕೆ 125 ಟಿಎಂಸಿ. ಕೆಆರ್‌ಎಸ್ ಭರ್ತಿ ಆದರೆ 49.45 ಟಿಎಂಸಿ. ಬೆಳಿಗ್ಗೆ ತಿಂಡಿ ಹೊತ್ತಿಗೆ ಗೇಟು ಹಾಕಿದರೆ ಸಂಜೆ ಕಾಫಿ ಹೊತ್ತಿಗೆ ಕಟ್ಟೆ ತುಂಬಿರುತ್ತದೆ. ಕಾವೇರಿ ನ್ಯಾಯಮಂಡಳಿ ಇಡೀ ಕಣಿವೆಗೆ ಹಾಕಿದ ಲೆಕ್ಕ ವರ್ಷಕ್ಕೆ 740 ಟಿಎಂಸಿ. ಈ ನದಿಗೆ ಅದು ಆರು ದಿನದ ಕೆಲಸ.

ನನ್ನ ರೂಮಿನಿಂದ ನದಿ ಕಾಣುತ್ತಿತ್ತು. ಮಧ್ಯದಲ್ಲಿ ಅಂತರಗಂಗೆಯ ದೊಡ್ಡ ದೊಡ್ಡ ಹಾಸುಗಳು ಹಗಲು ರಾತ್ರಿ ಒಂದೇ ದಿಕ್ಕಿಗೆ ತೇಲಿಕೊಂಡು ಹೋಗುತ್ತಿದ್ದವು. ಎದುರು ದಡದಲ್ಲಿ ಇನ್ನೊಂದು ದೇಶದ ರಾಜಧಾನಿ ಬ್ರಾಜಾವಿಲ್, ಅಲ್ಲಿಯ ದೀಪ ಇಲ್ಲಿಗೆ ಕಾಣುತ್ತಿತ್ತು. ನಮ್ಮ ಕಡೆ ವಾರದಲ್ಲಿ ನಾಲ್ಕು ದಿನ ದೀಪ ಇರುತ್ತಿರಲಿಲ್ಲ.

ಕಪ್ಪುಮಣ್ಣು:
ಅಣ್ಣಾ, ಅಮೆಜಾನ್ ಜಾಸ್ತಿ ಅಲ್ವಾ? ಮತ್ತೆ ಆಫ್ರಿಕಾ ಅಂದರೆ ನೈಲ್ ದೊಡ್ಡದು ಅಂತ ಓದಿದ್ದು.

ಹೊಳೆಸಾಲು:
ಅಮೆಜಾನ್ ಇದರ ಐದು ಪಟ್ಟು. ಅದನ್ನು ಬಿಟ್ಟರೆ ನೀರಿನ ಲೆಕ್ಕದಲ್ಲಿ ಕಾಂಗೋ ಎರಡನೆಯದು. ನೈಲ್ ಉದ್ದದಲ್ಲಿ ಮುಂದೆ, ಕಾಂಗೋ ಸುಮಾರು 4,700 ಕಿ.ಮೀ. ಆದರೆ ನೈಲ್‌ನಲ್ಲಿ ನೀರು ಕಡಿಮೆ. ಉದ್ದ ಬೇರೆ, ನೀರು ಬೇರೆ. ಆಳದಲ್ಲಿ ಮಾತ್ರ ಕಾಂಗೋನೇ ಒಂದನೆಯದು. ಕಿನ್ಶಾಸಾದ ಕೆಳಗೆ ಕೆಲವು ಕಡೆ 220 ಮೀಟರ್‌ಗಿಂತ ಜಾಸ್ತಿ ಅಳೆದಿದ್ದಾರೆ. ಜೋಗದ ರಾಜಾ 253 ಮೀಟರ್. ಅದನ್ನು ಅಲ್ಲಿ ಮುಳುಗಿಸಿದರೆ ತಲೆ ಅಷ್ಟೇ ಕಾಣುತ್ತದೆ.

ರಿಟೈರ್ಡ್ ಮೇಷ್ಟ್ರು:
ಭೂಗೋಳ ಪಾಠ ಮಾಡಿ ಮೂವತ್ತು ವರ್ಷ ಆಯಿತು, ಆದರೂ ಬಾಯಿ ಸುಮ್ಮನಿರುವುದಿಲ್ಲ. ನಕ್ಷೆ ತೆಗೆದು ನೋಡಿ. ಈ ನದಿ ಜಾಂಬಿಯಾ ಕಡೆಯಿಂದ ಹೊರಟು ಉತ್ತರಕ್ಕೆ ಹೋಗುತ್ತದೆ, ಸಮಭಾಜಕ ದಾಟುತ್ತದೆ, ಎಡಕ್ಕೆ ಬಾಗುತ್ತದೆ, ಮತ್ತೆ ಸಮಭಾಜಕ ದಾಟಿ ನೈಋತ್ಯಕ್ಕೆ ಇಳಿದು ಅಟ್ಲಾಂಟಿಕ್ ಸೇರುತ್ತದೆ. ಕುಡುಗೋಲಿನ ಹಾಗೆ. ಒಂದೇ ರೇಖೆಯನ್ನು ಎರಡು ಸಲ ದಾಟುವ ಇಷ್ಟು ದೊಡ್ಡ ನದಿ ಬೇರೆ ಇಲ್ಲ.

ಇದರಿಂದ ಏನಾಯಿತು ಅಂದರೆ, ರೇಖೆಯ ಉತ್ತರಕ್ಕೆ ಮಳೆಗಾಲ ಇದ್ದಾಗ ದಕ್ಷಿಣದಲ್ಲಿ ಒಣಗಾಲ, ಅಲ್ಲಿ ಮಳೆ ನಿಲ್ಲುವ ಹೊತ್ತಿಗೆ ಇಲ್ಲಿ ಶುರು. ಉತ್ತರದಿಂದ ಉಬಂಗಿ, ದಕ್ಷಿಣದಿಂದ ಕಸಾಯಿ, ಸರದಿ ಮೇಲೆ ನೀರು ತಂದು ಹಾಕುತ್ತವೆ. ಹೀಗಾಗಿ ಕಾಂಗೋಗೆ ಬೇಸಿಗೆ ಅಂತ ಒಂದು ಇಲ್ಲ. ತೀರಾ ಕಡಿಮೆ ಆದಾಗಲೂ ಎಂಟು ಲಕ್ಷ ಕ್ಯೂಸೆಕ್ ಹರಿಯುತ್ತಿರುತ್ತದೆ. 2019ರಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಚಿಲ್ಲರೆ ಬಿಟ್ಟಾಗ ನಮ್ಮ ಉತ್ತರ ಕರ್ನಾಟಕದ ಊರುಗಳು ಏನಾದವು ಅಂತ ನೆನಪಿದೆಯಲ್ಲ. ಅಲ್ಲಿ ಅದಕ್ಕಿಂತ ಜಾಸ್ತಿ ನೀರಿಗೆ ಒಣಗಾಲ ಅನ್ನುತ್ತಾರೆ!

ಜಲಾನಯನ ಪ್ರದೇಶ ಸುಮಾರು 37 ಲಕ್ಷ ಚದರ ಕಿ.ಮೀ. ಭಾರತವೇ 32.87 ಲಕ್ಷ. ಒಂಬತ್ತು ದೇಶಗಳ ನೀರು ಇದಕ್ಕೆ ಬರುತ್ತದೆ.

ಕಪ್ಪುಮಣ್ಣು:
ಹಾಗಾದರೆ ಅಲ್ಲಿ ನೆರೆ ಬರುವುದೇ ಇಲ್ವಾ ಮೇಷ್ಟ್ರೇ?

ಹೊಳೆಸಾಲು:
ಬರುತ್ತದೆ. ಡಿಸೆಂಬರ್ ಆಸುಪಾಸು ನೀರು ಏರುತ್ತದೆ. 2023ರ ಕೊನೆ, 2024ರ ಶುರುವಿನಲ್ಲಿ ಕಿನ್ಶಾಸಾದ ಅಳತೆಗೋಲು 6.20 ಮೀಟರ್ ತೋರಿಸಿತು. 1961ರ ದಾಖಲೆ 6.26. ನದಿ ಪಾತ್ರದಲ್ಲೇ ಮನೆ ಕಟ್ಟಿಕೊಂಡವರೆಲ್ಲ ಮುಳುಗಿದರು. ನಮ್ಮೂರ ರಾಜಕಾಲುವೆ ಕಥೆಯೇ. ಹೆಸರು ಬೇರೆ ಅಷ್ಟೇ.

ಸಿವಿಲ್ ಶೆಟ್ರು:
ಇಷ್ಟು ನೀರು, ವರ್ಷವಿಡೀ, ಮೇಲಿಂದ ಬೀಳುವ ಜಾಗವೂ ಇದೆ. ಕರೆಂಟಿಗೆ ಬರ ಅಂತೀರಲ್ಲ? ನಂಬುವುದು ಕಷ್ಟ. ಶರಾವತಿಯಂಥ ಸಣ್ಣ ಹೊಳೆಯಲ್ಲಿ ನಾವು 1,035 ಮೆಗಾವ್ಯಾಟ್ ತೆಗೆದಿದ್ದೇವೆ.

ಹೊಳೆಸಾಲು:
ಶೆಟ್ರೇ, ಅದೇ ಹೊಟ್ಟೆಯುರಿ. ಕಿನ್ಶಾಸಾದಿಂದ ಕೆಳಗೆ ಸುಮಾರು 350 ಕಿ.ಮೀ. ಉದ್ದಕ್ಕೆ ನದಿ ಬಂಡೆಗಳ ನಡುವೆ ಧುಮುಕಿಕೊಂಡು 270 ಮೀಟರ್‌ನಷ್ಟು ಇಳಿಯುತ್ತದೆ. ಅದಕ್ಕೆ ಲಿವಿಂಗ್‌ಸ್ಟನ್ ಜಲಪಾತ ಅಂತ ಹೆಸರು. ತಮಾಷೆ ಅಂದರೆ ಆಫ್ರಿಕಾ ಸುತ್ತಿದ ಅನ್ವೇಷಕ ಲಿವಿಂಗ್‌ಸ್ಟನ್ ಪುಣ್ಯಾತ್ಮ ಅದನ್ನು ಕಣ್ಣಲ್ಲೂ ನೋಡಿರಲಿಲ್ಲ. ಆ ಇಳಿಜಾರಿನಲ್ಲಿ ಇಂಗಾ ಅನ್ನುವ ಜಾಗ, ಅಲ್ಲಿ ಒಂದು ತಿರುವಿನಲ್ಲೇ 96 ಮೀಟರ್ ಇಳಿತ. 1972ರಲ್ಲಿ ಇಂಗಾ 1, ಅದು 351 ಮೆಗಾವ್ಯಾಟ್. 1982ರಲ್ಲಿ ಇಂಗಾ 2, ಅದು 1,424. ಪೂರ್ತಿ ಕಟ್ಟಿದರೆ 40,000ಕ್ಕೂ ಜಾಸ್ತಿ ಸಿಗುತ್ತದೆ ಅಂತ ಅಂದಾಜು. ಚೀನಾದ ತ್ರೀ ಗಾರ್ಜಸ್ 22,500. ಇಂಗಾ 3ರ ಮಾತು ನಡೆಯುತ್ತಲೇ ಇದೆ. ಇವತ್ತಿಗೂ ಆ ದೇಶದಲ್ಲಿ ಐದು ಜನರಲ್ಲಿ ಒಬ್ಬರಿಗಷ್ಟೇ ಕರೆಂಟು.

ನಾನಿದ್ದ ಮನೆಯಲ್ಲಿ ಜನರೇಟರ್ ಡೀಸೆಲ್ ಬಾಡಿಗೆಗಿಂತ ಜಾಸ್ತಿ ಆದ ತಿಂಗಳೂ ಇದೆ. ಮನೆ ಓನರ್ ಬಿಲ್ಲು ತಂದು ಕೊಟ್ಟು ನಗುತ್ತಿದ್ದ.

ಸಿವಿಲ್ ಶೆಟ್ರು:
ಇರುವ 1,775 ಮೆಗಾವ್ಯಾಟ್ ಆದರೂ ಎಲ್ಲಿಗೆ ಹೋಗುತ್ತದೆ ಮತ್ತೆ?

ಲೈನ್‌ಮ್ಯಾನ್ ಮಗ:
ಇದು ನನಗೆ ಗೊತ್ತು, ಪ್ರಸರಣದ ಕೆಲಸದಲ್ಲೇ ಇದ್ದೇನೆ. ಇಂಗಾದಿಂದ ದೇಶದ ಇನ್ನೊಂದು ತುದಿಯ ಕಟಂಗಾಕ್ಕೆ 500 ಕಿಲೋವೋಲ್ಟಿನ ಡಿಸಿ ಲೈನು ಎಳೆದಿದ್ದಾರೆ, 1982ರಲ್ಲಿ ಮುಗಿಯಿತು, ಸುಮಾರು 1,700 ಕಿ.ಮೀ. ಯಾಕೆ? ಕಟಂಗಾದಲ್ಲಿ ತಾಮ್ರದ ಗಣಿ. ಡಿಸಿ ಲೈನಿನ ಗುಣ ಏನೆಂದರೆ ದಾರಿ ಮಧ್ಯೆ ಇಳಿಸಿಕೊಳ್ಳಲು ಆಗುವುದಿಲ್ಲ. ಇಳಿಸಬೇಕಾದರೆ ಅಲ್ಲೊಂದು ಕನ್ವರ್ಟರ್ ಸ್ಟೇಷನ್ ಕಟ್ಟಬೇಕು, ಅದಕ್ಕೆ ಆಗುವ ಖರ್ಚಿನಲ್ಲಿ ಒಂದು ಊರನ್ನೇ ಕಟ್ಟಬಹುದು. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಬರುವುದೂ ಇದೇ ಜಾತಿ ಲೈನು. ಅದೂ ಎಷ್ಟೋ ಹಳ್ಳಿಗಳ ತಲೆ ಮೇಲೆ ಹಾದು ಬರುತ್ತದೆ. ನಮ್ಮಲ್ಲಿ ಆ ಹಳ್ಳಿಗಳಿಗೆ ಬೇರೆ ಲೈನಿದೆ. ಅಲ್ಲಿ ಕಂಬದ ಕೆಳಗೆ ಸೀಮೆಎಣ್ಣೆ ಬುಡ್ಡಿ.

ಕರಾವಳಿ ಹುಡುಗಿ:
ಎಲ್ಲರೂ ನೀರು, ಕರೆಂಟು ಅಂತಿದ್ದೀರಿ. ನಾನು ಇತಿಹಾಸ ಹೇಳಲೇ? ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾದರೆ ಕೆಳಗೆ ಜಾರಿಸಿ.

ಪೋರ್ಚುಗೀಸರು ಕರಿಮೆಣಸಿಗಾಗಿ ನಮ್ಮ ಪಡುವಣ ಕರಾವಳಿಯ ದಾರಿ ಹುಡುಕಿಕೊಂಡು ಆಫ್ರಿಕಾದ ಅಂಚಿನಲ್ಲಿ ಇಳಿಯುತ್ತಾ ಬಂದರಲ್ಲ, ಆ ಹುಡುಕಾಟದ ಮಧ್ಯೆ 1482ರಲ್ಲಿ ಡಿಯೋಗೋ ಕಾವ್ ಎಂಬ ನಾವಿಕ ಈ ನದಿಯ ಬಾಯಿಗೆ ಬಂದ. ಇದೇನು ನದಿ ಅಂತ ಕೇಳಿದರೆ ಜನ ಕಿಕೊಂಗೋ ಭಾಷೆಯಲ್ಲಿ ನ್ಜಾದಿ ಅಂದರು, ದೊಡ್ಡ ಹೊಳೆ ಅಂತ. ಪೋರ್ಚುಗೀಸರ ಬಾಯಲ್ಲಿ ಅದು ಜೈರ್ ಆಯಿತು. ಮುಂದೆ ಸರ್ವಾಧಿಕಾರಿ ಮೊಬುಟು 1971ರಲ್ಲಿ ದೇಶಕ್ಕೂ ನದಿಗೂ ಅದೇ ಹೆಸರಿಟ್ಟ, ಅವನು ಹೋದ 1997ರಲ್ಲಿ ಮತ್ತೆ ಕಾಂಗೋ. ಕೆಟ್ಟ ಉಚ್ಚಾರಣೆಯನ್ನೇ ಸ್ವದೇಶಿ ಅಂತ ಇಟ್ಟುಕೊಂಡ ಹಾಗಾಯಿತು.

ಅಲ್ಲಿ ಆಗಲೇ ಕೊಂಗೋ ರಾಜ್ಯ ಇತ್ತು. ರಾಜಧಾನಿ ಎಂಬಾಂಜಾ ಕೊಂಗೋ, ಈಗ ಅಂಗೋಲಾದಲ್ಲಿದೆ, 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿನ ರಾಜ 1491ರಲ್ಲಿ ಕ್ರೈಸ್ತನಾದ. ಅವನ ಮಗ ಅಫೋನ್ಸೋ ಪೋರ್ಚುಗೀಸ್ ಕಲಿತವನು, 1526ರಲ್ಲಿ ಪೋರ್ಚುಗಲ್ ರಾಜನಿಗೆ ಪತ್ರ ಬರೆದ: ನಿಮ್ಮ ವ್ಯಾಪಾರಿಗಳು ದಿನಾ ನಮ್ಮ ಜನರನ್ನು ಹಿಡಿದು ಒಯ್ಯುತ್ತಿದ್ದಾರೆ, ದೊಡ್ಡ ಮನೆಯ ಮಕ್ಕಳನ್ನೂ ಬಿಡುತ್ತಿಲ್ಲ, ನಾಡು ಬರಿದಾಗುತ್ತಿದೆ ಎಂಬ ಅರ್ಥದಲ್ಲಿ. ಪತ್ರದಿಂದ ಏನೂ ಆಗಲಿಲ್ಲ. ಮುಂದಿನ ಮೂರು ಶತಮಾನ ಆ ಕರಾವಳಿಯಿಂದ ಹಡಗು ತುಂಬಿ ಜನ ಹೋದರು.

ಬಂದದ್ದು ಏನು ಅಂದರೆ ಮರಗೆಣಸು. ಬ್ರೆಜಿಲ್‌ನಿಂದ ಪೋರ್ಚುಗೀಸರು ತಂದದ್ದು, ಇವತ್ತು ಕಾಂಗೋದ ಅನ್ನ ಅದೇ. ನಮ್ಮ ಕಡೆ ಗೇರು ಬಂದ ಹಾಗೆ.

ರಿಟೈರ್ಡ್ ಮೇಷ್ಟ್ರು:
ಚೆನ್ನಾಗಿ ಹೇಳಿದೆಯಮ್ಮಾ. ಒಂದು ಸೇರಿಸುತ್ತೇನೆ. 1482ರಲ್ಲೇ ಬಾಯಿಗೆ ಬಂದವರಿಗೆ ನದಿಯ ಹೊಟ್ಟೆ ನೋಡಲು ಮುನ್ನೂರ ತೊಂಬತ್ತು ವರ್ಷ ಬೇಕಾಯಿತು. ಯಾಕೆ? ಅದೇ ಜಲಪಾತ. ಹಡಗು ಸಮುದ್ರದಿಂದ ಮಟಾಡಿ ಬಂದರಿನವರೆಗೆ ಬರುತ್ತದೆ, ಅದರ ಮೇಲೆ ಬಂಡೆ. 1816ರಲ್ಲಿ ಬ್ರಿಟಿಷ್ ನೌಕಾಪಡೆಯ ಟಕಿ ಎಂಬವನು ಒಂದು ತಂಡ ಕಟ್ಟಿಕೊಂಡು ಬಂದು ಬಂಡೆಗಳಾಚೆ ಸ್ವಲ್ಪ ದೂರ ನಡೆದ, ಜ್ವರ ಬಂದು ಅವನೂ ತಂಡದ ಹಲವರೂ ಸತ್ತರು.

ಮೇಲ್ಗಡೆಯ ಕಥೆ ಇನ್ನೂ ಮಜಾ. ಮೇಲಿನ ಭಾಗಕ್ಕೆ ಲುವಾಲಾಬಾ ಅಂತ ಹೆಸರು. 1871ರಲ್ಲಿ ಲಿವಿಂಗ್‌ಸ್ಟನ್ ಅದರ ದಡದ ನ್ಯಾಂಗ್ವೆ ಸಂತೆ ತಲುಪಿದ. ಉತ್ತರಕ್ಕೆ ಹರಿಯುತ್ತದೆ, ಹಾಗಾಗಿ ಇದೇ ನೈಲ್ ಇರಬೇಕು ಅಂದುಕೊಂಡ. ಅಲ್ಲಿದ್ದಾಗಲೇ ಗುಲಾಮರ ವ್ಯಾಪಾರಿಗಳು ಸಂತೆಯ ಮೇಲೆ ಗುಂಡು ಹಾರಿಸಿ ನೂರಾರು ಹೆಂಗಸರನ್ನು ಕೊಂದದ್ದನ್ನು ಕಣ್ಣಾರೆ ನೋಡಿದ, ಮುಂದೆ ಹೋಗುವ ಮನಸ್ಸು ಅಲ್ಲಿಗೆ ಮುರಿಯಿತು. ಮೂರು ವರ್ಷದ ಮೇಲೆ ಕ್ಯಾಮರನ್ ಎಂಬ ಇನ್ನೊಬ್ಬ ಅನ್ವೇಷಕ ಬಂದು ಎತ್ತರ ಅಳೆದ. ಇಲ್ಲಿಯ ನೀರು ನೈಲ್ ದಡದ ಊರು ಗೊಂಡೊಕೊರೊಗಿಂತ ತಗ್ಗಿನಲ್ಲಿದೆ! ನೀರು ಏರು ಹತ್ತುತ್ತದಾ? ಇದು ನೈಲ್ ಅಲ್ಲ ಅನ್ನುವುದು ಲೆಕ್ಕದಲ್ಲೇ ತೀರ್ಮಾನವಾಯಿತು. ಕಾಲಿನಲ್ಲಿ ತೀರ್ಮಾನ ಮಾಡಿದವನು ಸ್ಟ್ಯಾನ್ಲಿ. 999 ದಿನ ನಡೆದು, ದೋಣಿ ಹೊತ್ತು, 1877ರ ಆಗಸ್ಟ್ 9ಕ್ಕೆ ನದಿಯ ಬಾಯಿ ಹತ್ತಿರದ ಬೋಮಾ ತಲುಪಿದ. ಜೊತೆಗೆ ಹೊರಟ ಬಿಳಿಯರು ಮೂವರೂ ದಾರಿಯಲ್ಲಿ ಸತ್ತರು. ಹೊತ್ತುಕೊಂಡು ಬಂದ ಆಫ್ರಿಕನ್ನರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದರು. ಅವರ ಹೆಸರು ಯಾವ ಜಲಪಾತಕ್ಕೂ ಇಡಲಿಲ್ಲ.

ಕಪ್ಪುಮಣ್ಣು:
ಆಮೇಲೆ ಬಂದವನು ಆ ಗಡ್ಡದ ರಾಜ ಅಲ್ವಾ? ಕೈ ಕತ್ತರಿಸಿದ ಫೋಟೋ ನೋಡಿ ಒಂದು ದಿನ ಊಟ ಸೇರಲಿಲ್ಲ.

ಕರಾವಳಿ ಹುಡುಗಿ:
ಹೌದು. ಬೆಲ್ಜಿಯಂನ ಎರಡನೇ ಲಿಯೋಪೋಲ್ಡ್. 1885ರಿಂದ 1908ರವರೆಗೆ ಅದು ಬೆಲ್ಜಿಯಂನ ವಸಾಹತು ಕೂಡ ಅಲ್ಲ, ಅವನೊಬ್ಬನ ಸ್ವಂತ ಜಮೀನು. ಒಂದು ಸಲವೂ ಅಲ್ಲಿಗೆ ಹೋಗಲಿಲ್ಲ. 1888ರಲ್ಲಿ ಡನ್ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ, ರಬ್ಬರಿನ ಬೆಲೆ ಏರಿತು, ಕಾಂಗೋ ಕಾಡಿನಲ್ಲಿ ರಬ್ಬರ್ ಬಳ್ಳಿ ತುಂಬಾ ಇತ್ತು. ಊರಿಗಿಷ್ಟು ಅಂತ ತೂಕ ಕಟ್ಟಿದರು. ಕೊಡದಿದ್ದರೆ ಹೆಂಡತಿ ಮಕ್ಕಳು ಒತ್ತೆ. ಸೈನಿಕರು ಹಾರಿಸಿದ ಒಂದೊಂದು ಗುಂಡಿಗೂ ಒಂದು ಕೈ ತಂದು ಲೆಕ್ಕ ಒಪ್ಪಿಸಬೇಕಿತ್ತು. ಗುಂಡನ್ನು ಬೇಟೆಗೆ ಖರ್ಚು ಮಾಡಿದವರು ಬದುಕಿದ್ದವರ ಕೈ ಕಡಿದರು.

ನದಿ ಇಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಜಲಪಾತದ ಮೇಲೆ ಕಿನ್ಶಾಸಾದಿಂದ ಕಿಸಾಂಗಾನಿವರೆಗೆ 1,700 ಕಿ.ಮೀ. ಸಲೀಸು ನೀರು. ಸ್ಟೀಮರನ್ನು ಬಿಚ್ಚಿ ಜನರ ತಲೆ ಮೇಲೆ ಹೊರಿಸಿ ಮೇಲೆ ತಂದು ಮತ್ತೆ ಜೋಡಿಸಿದರು. ತಲೆ ಮೇಲೆ ಹೊರಿಸಿದ್ದು ಸಾಕಾಗಲಿಲ್ಲ ಅಂತ ಜಲಪಾತದ ಪಕ್ಕ ರೈಲು ಹಾಕಿದರು, 1890ರಿಂದ 1898, ಸುಮಾರು 366 ಕಿ.ಮೀ. ಸರ್ಕಾರಿ ಲೆಕ್ಕದಲ್ಲೇ 1,800 ಆಫ್ರಿಕನ್ ಕೂಲಿಗಳು ಸತ್ತರು. ಸರ್ಕಾರಿ ಲೆಕ್ಕ ಅಂದರೆ ಏನು ಅಂತ ನಮಗೆ ಹೇಳಬೇಕಾ.

ಇದನ್ನು ಹೊರಗೆ ತಂದವರಲ್ಲಿ ಅಲೀಸ್ ಸೀಲಿ ಹ್ಯಾರಿಸ್ ಅನ್ನುವ ಮಿಷನರಿ ಹೆಂಗಸಿನ ಕ್ಯಾಮೆರಾ ದೊಡ್ಡದು. ನೀವು ನೋಡಿದ ಫೋಟೋ ಅವಳದೇ ಇರಬಹುದು. 1904ರಲ್ಲಿ ಬ್ರಿಟಿಷ್ ಕಾನ್ಸಲ್ ಕೇಸ್‌ಮೆಂಟ್ ವರದಿ ಬಂತು. 1908ರಲ್ಲಿ ರಾಜ ಬಿಟ್ಟುಕೊಡಬೇಕಾಯಿತು.

ಸಿವಿಲ್ ಶೆಟ್ರು:
ಅಂದರೆ ಒಂದೇ ಇಳಿಜಾರು, ಮೊದಲು ಹೊರಗಿನವರನ್ನು ತಡೆಯಿತು, ಆಮೇಲೆ ಹೊರುವವರನ್ನು ಕೊಂದಿತು, ಈಗ ಗಣಿಗೆ ಕರೆಂಟು ಕೊಡುತ್ತದೆ. ದಡದವನಿಗೆ ಯಾವ ಕಾಲಕ್ಕೂ ಏನೂ ಇಲ್ಲ. ನಮ್ಮ ಶರಾವತಿ ಮುಳುಗಡೆ ಸಂತ್ರಸ್ತರು ಇದನ್ನು ಓದಬೇಕು.

ಮಾಜಿ ಸುಬೇದಾರ್:
ನಾನು ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಆ ದೇಶದ ಪೂರ್ವ ತುದಿಯ ಗೋಮಾದಲ್ಲಿದ್ದೆ. ನಮ್ಮವರು 1960ರಿಂದಲೂ ಅಲ್ಲಿಗೆ ಹೋಗುತ್ತಿದ್ದಾರೆ. ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ 1961ರ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ (ಈಗಿನ ಲುಬುಂಬಾಶಿ) ಪ್ರಾಣ ಕೊಟ್ಟರು, ಪರಮವೀರ ಚಕ್ರ ಬಂತು. ಆದರೆ ನಾನು ಈ ನದಿ ನೋಡಲೇ ಇಲ್ಲ. ನಮ್ಮದು ಕಿವು ಸರೋವರದ ದಡ. ನದಿ ಅಲ್ಲಿಂದ ತುಂಬಾ ದೂರ.

ರಿಟೈರ್ಡ್ ಮೇಷ್ಟ್ರು:
ಸುಬೇದಾರರೇ, ನೀವು ನೋಡಿದ್ದು ಅದೇ ನೀರು! ಕಿವು ತುಂಬಿ ರುಜಿಜಿ ಹೊಳೆಯಾಗಿ ಟಾಂಗಾನಿಕಾ ಸರೋವರಕ್ಕೆ ಇಳಿಯುತ್ತದೆ. ಟಾಂಗಾನಿಕಾದಿಂದ ಲುಕುಗಾ ಅಂತ ಒಂದು ಹೊಳೆ ಲುವಾಲಾಬಾಕ್ಕೆ. ಅಲ್ಲಿಂದ ಕಾಂಗೋ. ನೀವು ಅಲ್ಲಿ ಮುಖ ತೊಳೆದ ನೀರು ನಿಧಾನಕ್ಕೆ ಅಟ್ಲಾಂಟಿಕ್‌ಗೆ ಹೋಗುತ್ತಿದೆ.

ಮಾಜಿ ಸುಬೇದಾರ್:
ಅಯ್ಯೋ ದೇವರೇ. ಎರಡು ವರ್ಷ ಇದ್ದು ಗೊತ್ತಿರಲಿಲ್ಲ. ಹೆಂಡತಿಗೆ ಹೇಳಿದೆ, ಇನ್ನೇನು ಗೊತ್ತಿರಲಿಲ್ಲ ಅಂತ ಕೇಳಿದಳು.

ಮಳೆಹುಳ:
ಪ್ರಾಣಿ ಪಕ್ಷಿ ಕಡೆಯಿಂದ ನನ್ನದೂ ಎರಡು ಮಾತು. ಬೊನೊಬೊ ಅಂತ ಒಂದು ವಾನರ ಇದೆ. ನದಿಯ ಎಡದಂಡೆಯಲ್ಲಿ ಮಾತ್ರ. ಬಲದಂಡೆಯಲ್ಲಿ ಚಿಂಪಾಂಜಿ, ಗೊರಿಲ್ಲಾ. ಇವು ಈಜುವುದಿಲ್ಲ. ನದಿ ಬೇಲಿಯ ಹಾಗೆ ನಿಂತು, ಒಂದೇ ವಂಶ ಎರಡಾಯಿತು. ಚಿಂಪಾಂಜಿ ಗಂಡುಗಳು ಹೊಡೆದಾಡುತ್ತವೆ, ಬೊನೊಬೊ ಗುಂಪಿನಲ್ಲಿ ಹೆಣ್ಣುಗಳ ಮಾತೇ ನಡೆಯುತ್ತದೆ.

ಇನ್ನೊಂದು, ನದಿಯ ಆ ಆಳದಲ್ಲಿ ಕಣ್ಣು ಕಾಣದ, ಬಿಳಿಚಿಕೊಂಡ ಮೀನು ಇದೆ. ಮೇಲೆ ಬಂದಾಗ ಸತ್ತಿರುತ್ತದೆ ಅಥವಾ ಸಾಯುತ್ತಿರುತ್ತದೆ, ಚರ್ಮದ ಕೆಳಗೆ ಗಾಳಿಯ ಗುಳ್ಳೆ. ಮುಳುಗುಗಾರರು ಬೇಗ ಮೇಲೆ ಬಂದರೆ ಆಗುತ್ತದಲ್ಲ, ಅದೇ ಕಾಯಿಲೆ ಮೀನಿಗೆ! ಆಳದ ಸೆಳೆತಕ್ಕೆ ಸಿಕ್ಕಿ ಮೇಲೆ ಬಂದುಬಿಡುತ್ತದೆ.

ತೀರ್ಥಹಳ್ಳಿ ಹತ್ಮೀನು:
ಮೀನು ಅಂದಿರಿ, ಬಂದೆ. ಕಿಸಾಂಗಾನಿ ಹತ್ತಿರ ಬೊಯೋಮಾ ಜಲಪಾತದಲ್ಲಿ ವಗೇನಿಯಾ ಜನ ಮೀನು ಹಿಡಿಯುವ ವಿಡಿಯೋ ನೋಡಿದ್ದೀರಾ? ರಭಸದ ನೀರಿನ ಮಧ್ಯೆ ಬಂಡೆಯ ಗುಳಿಯಲ್ಲಿ ಮರದ ಕಂಬ ನೆಟ್ಟು, ಬಳ್ಳಿಯಲ್ಲಿ ಕಟ್ಟಿ, ಆಳುದ್ದಕ್ಕಿಂತ ದೊಡ್ಡ ಬುಟ್ಟಿಗಳನ್ನು ಇಳಿಬಿಡುತ್ತಾರೆ. ನಮ್ಮ ಕೂಣಿಯೇ, ಆದರೆ ಕೂಣಿಯ ಅಜ್ಜ. ನೀರಿಗೆ ಬಿದ್ದರೆ ಕಥೆ ಮುಗಿಯಿತು.

ಕರಾವಳಿ ಹುಡುಗಿ:
ನಾವು ಕೂಳಿ ಅನ್ನುತ್ತೇವೆ.

ತೀರ್ಥಹಳ್ಳಿ ಹತ್ಮೀನು:
ನೀವು ಏನಾದರೂ ಅನ್ನಿ, ಮೀನು ಬಿದ್ದರೆ ಸರಿ.

ಕಪ್ಪುಮಣ್ಣು:
ಒಂದು ಪ್ರಶ್ನೆ. ಕಾವೇರಿಗೆ ತಂಜಾವೂರು ಕಡೆ ಮುಖಜ ಭೂಮಿ ಇದೆ, ಭತ್ತ ಬೆಳೆಯುತ್ತಾರೆ. ಇಷ್ಟು ದೊಡ್ಡ ಕಾಂಗೋ ಬಾಯಲ್ಲಿ ಅಂಥದ್ದು ಯಾಕಿಲ್ಲ? ನಕ್ಷೆಯಲ್ಲಿ ಬರೀ ಒಂದು ಬಾಯಿ ಕಾಣುತ್ತದೆ.

ರಿಟೈರ್ಡ್ ಮೇಷ್ಟ್ರು:
ಇಷ್ಟು ಹೊತ್ತಿನಲ್ಲಿ ಬಂದ ಒಳ್ಳೆಯ ಪ್ರಶ್ನೆ ಇದು. ಸಮುದ್ರದೊಳಗೆ ಒಂದು ಆಳ ಕಣಿವೆ ಇದೆ, ಅದರ ತಲೆ ನದಿಯ ಬಾಯೊಳಗೇ ಶುರುವಾಗುತ್ತದೆ. ತಂದ ಹೂಳು ದಡದಲ್ಲಿ ನಿಲ್ಲದೆ ಆ ಕಣಿವೆಗೆ ಜಾರುತ್ತದೆ. 2020ರ ಜನವರಿಯಲ್ಲಿ ಅಲ್ಲಿ ಕೆಸರಿನ ಹಿಮಕುಸಿತ ಅನ್ನಬಹುದಾದ ಒಂದು ಜಾರು ಶುರುವಾಗಿ 1,100 ಕಿ.ಮೀ.ಗಿಂತ ಜಾಸ್ತಿ ಸಮುದ್ರದ ತಳದಲ್ಲೇ ಓಡಿತು. ದಾರಿಯಲ್ಲಿದ್ದ ಇಂಟರ್ನೆಟ್ ಕೇಬಲ್‌ಗಳನ್ನು ಕಡಿಯಿತು. ಆಫ್ರಿಕಾದ ಹಲವು ದೇಶಗಳಲ್ಲಿ ನೆಟ್ ನಿಧಾನ ಆಯಿತು.

ಕಾಡಿನ ಮಧ್ಯೆಯೂ ಹೇಳಬೇಕಾದ್ದು ಒಂದಿದೆ. ಕ್ಯುವೆಟ್ ಸಾಂತ್ರಾಲ್ ಅನ್ನುವ ಜೌಗಿನಲ್ಲಿ ಕೊಳೆಯದೆ ಉಳಿದ ಗಿಡಗಂಟಿಯ ಕಪ್ಪು ಪದರ. 2017ರಲ್ಲಿ ಅದರ ಅಳತೆ ಸಿಕ್ಕಿತು: 1,45,500 ಚದರ ಕಿ.ಮೀ., ನಮ್ಮ ಕರ್ನಾಟಕದ ಮುಕ್ಕಾಲು ಪಾಲು. ಅದರೊಳಗಿರುವ ಇಂಗಾಲ 3,000 ಕೋಟಿ ಟನ್. ಒಣಗಿಸಿದರೆ ಎಲ್ಲ ಗಾಳಿಗೆ.

ಸಿವಿಲ್ ಶೆಟ್ರು:
ಅಲ್ಲಿನ ನೀರನ್ನು ಚಾಡ್ ಸರೋವರಕ್ಕೆ ತಿರುಗಿಸುವ ಯೋಜನೆ ಕೇಳಿದ್ದೀರಾ? ಟ್ರಾನ್ಸಾಕ್ವಾ ಅಂತ, ಹತ್ತಿಪ್ಪತ್ತು ವರ್ಷದ್ದಲ್ಲ, ಅದಕ್ಕೂ ಹಳೆಯದು. ಚಾಡ್ 1960ರ ದಶಕಕ್ಕಿಂತ ತುಂಬಾ ಕುಗ್ಗಿದೆ, ಇಲ್ಲಿ ಸಮುದ್ರಕ್ಕೆ ಸುಮ್ನೆ ಹೋಗುತ್ತಿದೆ. ನನಗೆ ತಪ್ಪೇನೂ ಕಾಣುವುದಿಲ್ಲ.

ಮಳೆಹುಳ:
ಶೆಟ್ರೇ, ಸಮುದ್ರಕ್ಕೆ ಸುಮ್ನೆ ಹೋಗುತ್ತಿದೆ ಅನ್ನುವ ಮಾತನ್ನು ಎತ್ತಿನಹೊಳೆಯಲ್ಲೇ ಕೇಳಿ ಸುಸ್ತಾಗಿದೆ. ಉಬಂಗಿಯಲ್ಲಿ ಈಗಲೇ ಒಣಗಾಲದಲ್ಲಿ ದೊಡ್ಡ ದೋಣಿ ನಿಲ್ಲುತ್ತದೆ.

ಸಿವಿಲ್ ಶೆಟ್ರು:
ಕೋಲಾರದವನಾಗಿ ಹುಟ್ಟಿ ಈ ಮಾತು ಹೇಳಿ ನೋಡೋಣ. ಬಾವಿಯಲ್ಲಿ ನೀರಿದ್ದವರಿಗೆ ಎಲ್ಲ ಹೊಳೆಯೂ ಪವಿತ್ರ.

ರಿಟೈರ್ಡ್ ಮೇಷ್ಟ್ರು:
ಇಬ್ಬರೂ ಎತ್ತಿನಹೊಳೆಗೆ ಬೇರೆ ಜಾಗ ಮಾಡಿಕೊಳ್ಳಿ, ದಯವಿಟ್ಟು. ಇಲ್ಲಿ ನದಿ ಇನ್ನೂ ಮುಗಿದಿಲ್ಲ.

ಲೈನ್‌ಮ್ಯಾನ್ ಮಗ:
ಹೊಳೆಸಾಲು ಅಣ್ಣಾ, ಎರಡು ರಾಜಧಾನಿ ಎದುರುಬದುರು ಅಂದಿರಿ. ಸೇತುವೆ?

ಹೊಳೆಸಾಲು:
ಇಲ್ಲ. ಸೇತುವೆ ಮಾತು ವರ್ಷಗಳಿಂದ ಇದೆ. ದೋಣಿಯಲ್ಲೇ ದಾಟಬೇಕು. ಎರಡು ಕಡೆಯೂ ಪಾಸ್‌ಪೋರ್ಟು, ಮುದ್ರೆ, ಕೈ ಬಿಸಿ. ದಾಟಲು ಹದಿನೈದು ನಿಮಿಷ, ಕಾಗದಕ್ಕೆ ಅರ್ಧ ದಿನ. ಒಂದು ಸಲ ಹೋಗಿ ಸಾಕಾಯಿತು.

ನೋಡಬೇಕಾದ್ದು ಮೇಲಿಂದ ಬರುವ ದೋಣಿ. ರಸ್ತೆ ಅನ್ನುವುದೇ ಇಲ್ಲದ ಕಡೆಗಳಿಂದ ನಾಲ್ಕೈದು ಬಾರ್ಜ್ ಒಟ್ಟಿಗೆ ಕಟ್ಟಿ ಒಂದು ಟಗ್ ಹಿಂದಿನಿಂದ ತಳ್ಳಿಕೊಂಡು ಬರುತ್ತದೆ, ಮೇಲೆ ನೂರಾರು ಜನ, ಆಡು, ಕೋಳಿ, ಮರಗೆಣಸಿನ ಮೂಟೆ, ಹೊಗೆಯಲ್ಲಿ ಒಣಗಿಸಿದ ಮೀನು, ಒಂದು ಮೂಲೆಯಲ್ಲಿ ಕ್ಷೌರದ ಅಂಗಡಿ ಕೂಡ. ದಾರಿಯುದ್ದಕ್ಕೂ ಹಳ್ಳಿಯವರು ಮರ ಕೊರೆದ ದೋಣಿಯಲ್ಲಿ ಬಂದು ಓಡುವ ಬಾರ್ಜಿಗೇ ಹಗ್ಗ ಹಾಕಿಕೊಂಡು ವ್ಯಾಪಾರ ಮಾಡಿ ಬಿಟ್ಟು ಹೋಗುತ್ತಾರೆ. ಕಿಸಾಂಗಾನಿಯಿಂದ ಬರಲು ವಾರಗಳು ಬೇಕು, ಮರಳುದಿಬ್ಬಕ್ಕೆ ಕೂತರೆ ತಿಂಗಳು. ಎಲ್ಲರೂ ಲಿಂಗಾಲಾ ಮಾತಾಡುತ್ತಾರೆ, ಅದು ಹುಟ್ಟಿ ಹರಡಿದ್ದೇ ಈ ನದಿಯ ವ್ಯಾಪಾರದಲ್ಲಿ. ನನ್ನ ಗೋದಾಮಿನ ಮಾತ್ರೆ ಪೆಟ್ಟಿಗೆಗಳೂ ಹೀಗೇ ಮೇಲೆ ಹೋಗುತ್ತಿದ್ದವು. ಒಂದು ಸಲ ಹೋದ ಮಾಲು ತಲುಪಿದ ಹೊತ್ತಿಗೆ ಅದರ ಅವಧಿ ಮುಗಿಯಲು ಹನ್ನೊಂದು ದಿನ ಬಾಕಿ ಇತ್ತು, ಬೈಸಿಕೊಂಡಿದ್ದು ನಾನು.

ತೀರ್ಥಹಳ್ಳಿ ಹತ್ಮೀನು:
ಅದೆಲ್ಲ ಸರಿ. ಮೀನು ರುಚಿ ಹೇಗೆ?

ಹೊಳೆಸಾಲು:
ಲಿಬೋಕೆ ಅಂತ ಮಾಡುತ್ತಾರೆ. ಹೊಳೆ ಮೀನು, ಈರುಳ್ಳಿ, ಟೊಮೇಟೊ, ಖಾರದ ಮೆಣಸಿನಕಾಯಿ, ಎಲ್ಲ ಎಲೆಯಲ್ಲಿ ಸುತ್ತಿ ದಾರ ಕಟ್ಟಿ ಕೆಂಡದ ಮೇಲೆ. ಜೊತೆಗೆ ಚಿಕ್ವಾಂಗ್, ಮರಗೆಣಸು ಹುಳಿ ಬರಿಸಿ ಎಲೆಯಲ್ಲಿ ಬೇಯಿಸಿದ ಕಡುಬು. ಕಡುಬಿನ ವಾಸನೆ ಮೊದಲ ವಾರ ಹಿಡಿಸಲ್ಲ. ಮೀನಿಗೆ ಹುಣಸೆಹಣ್ಣು ಹಾಕಿದರೆ ಚೆನ್ನಾಗಿರುತ್ತದೆ ಅಂತ ಅಡುಗೆಯವಳಿಗೆ ಹೇಳಿದೆ, ನನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದಳು.